ಮಂಡಿನೋವಿಗೆ ಕಡಲಿನ ಮದ್ದು: ಡಬ್ಬಿಯ ಹಿಂಬದಿ ಓದಿ ಕೊಳ್ಳಿ

ಮೀನೆಣ್ಣೆ ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ‘1000 ಮಿ.ಗ್ರಾಂ’ ಎಂದಿರುತ್ತದೆ. ಅದು ಬರೀ ಎಣ್ಣೆಯ ತೂಕ. ಕೀಲಿಗೆ ಬೇಕಾದದ್ದು ಅದರೊಳಗಿನ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು. ಹಿಂಬದಿಯ ಸಣ್ಣಕ್ಷರ ಓದಿದರೆ ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇವು 180 ಮತ್ತು 120, ಒಟ್ಟು 300 ಮಿ.ಗ್ರಾಂ ಮಾತ್ರ. ರುಮಟಾಯ್ಡ್ ಸಂಧಿವಾತದವರಿಗೆ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ಕಾಯಿಲೆ) ನೋವಿನ ಮಾತ್ರೆ ತಗ್ಗಿಸಲು ನೆರವಾದ ಪ್ರಮಾಣ ದಿನಕ್ಕೆ ಸುಮಾರು 2.7 ಗ್ರಾಂ, ಅದೂ ಮೂರು ತಿಂಗಳು. ಅಂದರೆ ದಿನಕ್ಕೆ ಒಂಬತ್ತು ಕ್ಯಾಪ್ಸೂಲ್. 60ರ ಡಬ್ಬಿ ಒಂದು ವಾರಕ್ಕೂ ಸಾಲದು. ದಿನಕ್ಕೊಂದು ನುಂಗಿ ‘ಏನೂ ಗುಣ ಕಾಣಲಿಲ್ಲ’ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ. ಕೊಳ್ಳುವುದಾದರೆ ಒಂದರಲ್ಲೇ 500 ಮಿ.ಗ್ರಾಂಗಿಂತ ಹೆಚ್ಚು ಇಪಿಎ-ಡಿಎಚ್‌ಎ ಇರುವುದನ್ನು ಆರಿಸಿ. ಆದರೆ ಇಷ್ಟು ದೊಡ್ಡ ಪ್ರಮಾಣ ಹೃದಯ ಬಡಿತದ ಲಯ ತಪ್ಪಿಸಬಹುದು, ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಮನೆಗೆ ತಂದ ಮೇಲೆ ಒಂದು ಕ್ಯಾಪ್ಸೂಲನ್ನು ಕತ್ತರಿಯಿಂದ ತುದಿ ಕತ್ತರಿಸಿ ಮೂಸಿ ನೋಡಿ. ತಾಜಾ ಎಣ್ಣೆಯಲ್ಲಿ ಮೀನಿನ ತೆಳು ವಾಸನೆ ಮಾತ್ರ. ಮೂಗಿಗೆ ಹೊಡೆಯುವ ಕಮಟು ಬಂದರೆ ಎಣ್ಣೆ ಕೆಟ್ಟಿದೆ, ವಾಪಸ್ ಕೊಡಿ. ನಿಂಬೆಯ ಪರಿಮಳ ಬೆರೆಸಿದ್ದರಲ್ಲಿ ಈ ಪರೀಕ್ಷೆ ನಡೆಯದು. ಊಟದ ನಡುವೆ ನುಂಗಿದರೆ ಮೀನಿನ ತೇಗು ಕಡಿಮೆ.

ಆದರೆ ಮಂಡಿ ಸವೆತಕ್ಕೆ ಇದನ್ನು ಕೊಳ್ಳಿ ಎನ್ನಲಾರೆವು. 2016ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ದಿನಕ್ಕೆ 4.5 ಗ್ರಾಂ ಒಮೆಗಾ-3 ತೆಗೆದುಕೊಂಡವರಿಗಿಂತ 0.45 ಗ್ರಾಂ ತೆಗೆದುಕೊಂಡವರ ನೋವೇ ಎರಡು ವರ್ಷದಲ್ಲಿ ಹೆಚ್ಚು ಇಳಿದಿತ್ತು. 2024ರಲ್ಲಿ ದಿನಕ್ಕೆ 2 ಗ್ರಾಂ ಕ್ರಿಲ್ (ಸಿಗಡಿಯಂಥ ಪುಟ್ಟ ಕಡಲಜೀವಿ) ಎಣ್ಣೆ ಕೊಟ್ಟು 24 ವಾರ ನೋಡಿದಾಗಲೂ ಅದು ಹುಸಿಮಾತ್ರೆಯನ್ನು, ಅಂದರೆ ಮದ್ದಿಲ್ಲದ ಮಾತ್ರೆಯನ್ನು, ಮೀರಲಿಲ್ಲ.

ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆಯುವ ಗ್ಲುಕೋಸಮೈನ್ ಮಾತ್ರೆಯದೂ ಇದೇ ಪಾಡು. ಅಮೆರಿಕದಲ್ಲಿ 1583 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಸಿಮಾತ್ರೆ ನುಂಗಿದವರಲ್ಲೇ 60 ಶೇಕಡಾ ಜನರಿಗೆ ನೋವು ಇಳಿದಿತ್ತು. ಅಕ್ಕಪಕ್ಕದವರ ‘ನನಗೆ ವಾಸಿಯಾಯ್ತು’ ಎಂಬ ಮಾತನ್ನು ಈ ಅಂಕಿಯ ಪಕ್ಕ ಇಟ್ಟು ನೋಡಿ. ಲೇಬಲ್ಲಿನಲ್ಲಿ ‘ಗ್ಲುಕೋಸಮೈನ್ ಸಲ್ಫೇಟ್ ಪೊಟ್ಯಾಸಿಯಂ ಕ್ಲೋರೈಡ್’ ಎಂದಿದ್ದರೆ ತೂಕದ ಸುಮಾರು ಕಾಲು ಭಾಗ ಬರೀ ಉಪ್ಪು. 1500 ಮಿ.ಗ್ರಾಂನಲ್ಲಿ ಗ್ಲುಕೋಸಮೈನ್ ಸಲ್ಫೇಟ್ ಸಿಗುವುದು ಹತ್ತಿರ ಹತ್ತಿರ 1130 ಮಿ.ಗ್ರಾಂ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಗ್ಲುಕೋಸಮೈನ್ ಮುಟ್ಟದಿರುವುದೇ ಲೇಸು, ರಕ್ತ ಇನ್ನಷ್ಟು ತೆಳುವಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಿದ ಪ್ರಕರಣಗಳಿವೆ.

ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ನಮ್ಮ ಕರಾವಳಿಯಲ್ಲೂ ಸಿಗುವ ಪಚ್ಚಿಲೆ ಎಂಬ ಹಸಿರು ಚಿಪ್ಪಿನ ಜೀವಿಯಿಂದ ಮತ್ತು ಕಡಲಪಾಚಿಯಿಂದ ಕೀಲುನೋವಿಗೆಂದು ‘ಕಡಲ್‌ಮಿನ್’ ಹೆಸರಿನ ಕ್ಯಾಪ್ಸೂಲುಗಳನ್ನು ರೂಪಿಸಿದೆ. ಮೀನು ತಿನ್ನದವರು ಪಾಚಿಯದ್ದನ್ನು ಕೇಳಿ, ಹಸಿರು ಚುಕ್ಕೆ ನೋಡಿಕೊಳ್ಳಿ. ಸಿಗಡಿ, ಚಿಪ್ಪುಮೀನು ತಿಂದರೆ ಮೈ ದದ್ದೇಳುವವರಿಗೆ ಪಚ್ಚಿಲೆಯದ್ದು ಬೇಡ.