ನೀರು ಬಿಡದ ವಾಷಿಂಗ್ ಮೆಷಿನ್: ಪುಡಿ, ಫಿಲ್ಟರ್, ಪೈಪ್, ಮೆಕ್ಯಾನಿಕ್ ಎಲ್ಲ ನೋಡಿ ಆಯಿತು

ಕಾಸರಗೋಡಿನ ಬದಿಯಡ್ಕದ ಕಡೆ ಜೋರು ಮಳೆಯ ಆಟಿ ತಿಂಗಳಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮೆಷಿನ್ ಚೆನ್ನಾಗಿ ಹಿಂಡಿ ಕೊಟ್ಟರೆ ಮಾತ್ರ ಮಕ್ಕಳ ಯೂನಿಫಾರ್ಮ್ ಮರುದಿನಕ್ಕೆ ಸಿಗುತ್ತದೆ. ಅಂಥ ಹೊತ್ತಿನಲ್ಲೇ ನಮ್ಮ ಫ್ರಂಟ್ ಲೋಡ್ ಮೆಷಿನ್ ನಿಂತಿತು. ಗಾಜಿನ ಹಿಂದೆ ನೀರು, ನೀರಿನಲ್ಲಿ ಬಟ್ಟೆ, ಬಾಗಿಲು ಲಾಕ್.

ನಾನು ಸ್ಪಿನ್ ಹಾಳಾಗಿದೆ ಅಂದುಕೊಂಡೆ. ಹಾಗಲ್ಲ. ಒಳಗಿನ ಸೆನ್ಸರ್ ನೀರಿನ ಮಟ್ಟ ನೋಡುತ್ತಿರುತ್ತದೆ. ನೀರು ಹೊರಗೆ ಹೋಗದೆ ಮೆಷಿನ್ ಜೋರಾಗಿ ತಿರುಗುವುದೇ ಇಲ್ಲ. ‘ನೀರು ಹೋಗ್ತಿಲ್ಲ’, ‘ಸ್ಪಿನ್ ಆಗ್ತಿಲ್ಲ’ ಅನ್ನುವ ಎರಡು ದೂರು ಹೆಚ್ಚಿನ ಸಲ ಒಂದೇ. ಎರಡು ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಎರಡು ಸಲ, ತವರಿನಲ್ಲಿ ಒಂದು ಸಲ ಇದು ಬಂತು. ಒಂದೊಂದು ಸಲ ಒಂದೊಂದು ದಾರಿ ಹಿಡಿದೆವು.

ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕುವುದನ್ನು ಎಲ್ಲರೂ ಮಾಡುತ್ತಾರೆ. ನಾನೂ ಮಾಡಿದೆ. ಕರೆಂಟು ಹೋಗಿ ಬಂದು ಮಧ್ಯದಲ್ಲಿ ಸಿಕ್ಕಿಕೊಂಡಿದ್ದರೆ ಸರಿಹೋಗುತ್ತದೆ. ನಮ್ಮದು ಸರಿಹೋಗಲಿಲ್ಲ.

ಆಮೇಲೆ ಪುಡಿ. ಅಂಗಡಿಯಲ್ಲಿ ತೊಂದರೆ ಹೇಳಿದಾಗ ಡ್ರಮ್ ತೊಳೆಯುವ ಪುಡಿಯ ಎರಡು ಪ್ಯಾಕೆಟ್ ಕೊಟ್ಟರು. ಹಾಕಿದೆ. ಏನೂ ಆಗಲಿಲ್ಲ. ಆಗುವುದೂ ಇಲ್ಲ ಅಂತ ಈಗ ಗೊತ್ತಾಗಿದೆ. ಆ ಪುಡಿ ಕರಗಿಸುವುದು ಗಡಸು ನೀರಿನಿಂದ ಕಟ್ಟುವ ಬಿಳಿ ಪದರವನ್ನು. ನಮ್ಮ ಮುರಕಲ್ಲಿನ ನೆಲದಲ್ಲಿ ಬಾವಿಯ ನೀರೂ, ಗುಡ್ಡ ಕೊರೆದು ತೆಗೆದ ಸುರಂಗದ ನೀರೂ ಮೆದು. ಬಯಲುಸೀಮೆಯಲ್ಲಿ ಬೋರ್‌ವೆಲ್ ನೀರು ಬಳಸುವವರಿಗೆ ಅದು ಖಂಡಿತ ಬೇಕು. ಆದರೆ ನೀರನ್ನು ಹೊರಗೆ ತಳ್ಳುವ ಪಂಪ್‌ನ ಬಾಯಿಗೆ ಅಡ್ಡ ಕೂತ ನಾಣ್ಯವನ್ನು ಯಾವ ಪುಡಿಯೂ ಕರಗಿಸುವುದಿಲ್ಲ.

ಕೆಲಸಕ್ಕೆ ಬಂದದ್ದು ಪಂಪ್‌ಗೆ ಕಸ ಹೋಗದಂತೆ ತಡೆಯುವ ಫಿಲ್ಟರನ್ನು ತೆಗೆದು ನೋಡಿದ್ದು. ಮೆಷಿನ್‌ನ ಮುಂಭಾಗದಲ್ಲಿ, ಕೆಳಗೆ ಮೂಲೆಯಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತದೆ. ಮೊದಲು ಪ್ಲಗ್ ತೆಗೆಯಿರಿ. ಬಿಸಿ ನೀರಿನಲ್ಲಿ ಒಗೆಯುತ್ತಿದ್ದರೆ ಆರಲು ಬಿಡಿ. ಮುಚ್ಚಳ ತೆಗೆದರೆ ಹಲವು ಮೆಷಿನ್‌ಗಳಲ್ಲಿ ಬೆರಳು ಗಾತ್ರದ ಒಂದು ಪೈಪ್ ಸಿಗುತ್ತದೆ. ಅದರ ಬಿರಡೆ ತೆಗೆದು ನೀರು ಹಿಡಿಯಬೇಕು. ಬಕೆಟ್ ಅಡಿಗೆ ಹೋಗುವುದಿಲ್ಲ, ಜಾಗ ಅಷ್ಟು ತಗ್ಗು. ನಾನು ಸ್ಟೀಲಿನ ಹರಿವಾಣ ಇಟ್ಟು, ತುಂಬಿದ ಹಾಗೆ ಬಚ್ಚಲಿಗೆ ಚೆಲ್ಲುತ್ತಾ ಬಂದೆ. ಆಮೇಲೆ ಫಿಲ್ಟರನ್ನು ಎಡಕ್ಕೆ ನಿಧಾನ ತಿರುಗಿಸಿ ಹೊರಗೆ ಎಳೆದೆ.

ಬಂದದ್ದು ನೋಡಿ ಬೇಸರವಾಯಿತು. ಎರಡು ರೂಪಾಯಿಯ ನಾಣ್ಯ, ತಲೆಗೆ ಹಾಕುವ ಪಿನ್ನು, ಬೈರಾಸಿನ (ಟವೆಲ್‌ನ) ನೂಲಿನ ಉಂಡೆ, ಅದಕ್ಕೆ ಮೆತ್ತಿಕೊಂಡ ನೀಲಿ ಬಿಳಿ ಗಸಿ. ಆ ಗಸಿ ಅಡಿಕೆ ತೋಟದ್ದು. ಕೊಳೆರೋಗಕ್ಕೆ ಮದ್ದು ಬಿಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕುತ್ತಾರಲ್ಲ, ಆ ದಿನ ಹಾಕಿದ ಅಂಗಿ ಲುಂಗಿಗಳನ್ನು ನಾನು ಸೀದಾ ಮೆಷಿನ್‌ಗೆ ತುಂಬುತ್ತಿದ್ದೆ. ಸುಣ್ಣದ ಹರಳು, ಮಣ್ಣು, ನೂಲು ಸೇರಿ ಗಟ್ಟಿ ಕಟ್ಟಿತ್ತು.

ಫಿಲ್ಟರ್ ತೆಗೆದ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪಂಪ್‌ನ ಪುಟ್ಟ ರೆಕ್ಕೆಯ ಚಕ್ರ ಕಾಣುತ್ತದೆ. ಕಡ್ಡಿಯಿಂದ ತಿರುಗಿಸಿದರೆ ತಡೆತಡೆದು ತಿರುಗುತ್ತದೆ. ಒಳಗೆ ಅಯಸ್ಕಾಂತ ಇರುವುದರಿಂದ ಹಾಗೆ, ಹೆದರಬೇಡಿ. ಸ್ವಲ್ಪವೂ ಅಲುಗದಿದ್ದರೆ ನೂಲು ಸುತ್ತಿಕೊಂಡಿದೆ ಅಂತ ಅರ್ಥ. ಎಲ್ಲ ಸೇರಿ ಅರ್ಧ ಗಂಟೆ. ಒಂದು ಪೈಸೆ ಖರ್ಚಿಲ್ಲ.

ತವರಿನಲ್ಲಿ, ಮುಳ್ಳೇರಿಯದಲ್ಲಿ, ಇರುವುದು ಟಾಪ್ ಲೋಡ್. ಅಲ್ಲಿ ಫಿಲ್ಟರ್ ಹುಡುಕಿ ಪ್ರಯೋಜನವಿರಲಿಲ್ಲ. ಅದರಲ್ಲಿ ಪಂಪೇ ಇಲ್ಲ. ಪುಟ್ಟ ಮೋಟರ್ ವಾಲ್ವ್ ಎಳೆದು ತೆರೆಯುತ್ತದೆ, ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗುತ್ತದೆ. ಹಾಗಾಗಿ ಪೈಪ್ ನೆಲದಲ್ಲೇ ಮಲಗಿರಬೇಕು. ನಮ್ಮ ಮನೆಯಲ್ಲಿ ಪೈಪ್ ಮೇಲೆ ಕಟ್ಟಿದ್ದು ನೋಡಿ ತಮ್ಮ ಅಲ್ಲಿಯೂ ಎತ್ತಿ ಕಟ್ಟೆಯ ಮೇಲೆ ಇಟ್ಟಿದ್ದ. ಕೆಳಗೆ ಇಳಿಸಿದ ಕೂಡಲೇ ನೀರು ಭರ್ರನೆ ಹೋಯಿತು. ನಮ್ಮ ಫ್ರಂಟ್ ಲೋಡ್‌ಗೆ ಇದು ಉಲ್ಟಾ. ಪೈಪ್‌ನ ಬಾಯಿ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ತಗ್ಗಿಸಿದರೆ ತುಂಬುವ ನೀರು ತುಂಬುತ್ತಲೇ ಹರಿದು ಹೋಗುತ್ತದೆ. ಎರಡರಲ್ಲೂ ಪೈಪ್ ಮಡಚಿದೆಯಾ, ಇಲಿ ಕಚ್ಚಿದೆಯಾ ಅಂತ ನೋಡಬೇಕು.

ಮರುವರ್ಷದ ಮಳೆಗೆ ನಮ್ಮದು ಮತ್ತೆ ನಿಂತಿತು. ಫಿಲ್ಟರ್ ಸ್ವಚ್ಛ, ಪೈಪ್ ಸರಿ, ಪಂಪ್‌ನಿಂದ ‘ಗುಂಯ್’ ಅನ್ನುವ ಸದ್ದು ಮಾತ್ರ. ಕಂಪೆನಿಗೆ ಫೋನ್ ಮಾಡಿದೆ. ಐದನೇ ದಿನ ಬಂದವರು ಪಂಪ್ ಹೋಗಿದೆ, ಪಾರ್ಟ್ ಬರಲು ಇನ್ನೂ ಹತ್ತು ದಿನ ಬೇಕು ಅಂದರು. ನೋಡಿದ್ದಕ್ಕೂ ದುಡ್ಡು ಕೊಟ್ಟೆ. ನೀರ್ಚಾಲಿನ ಮೆಕ್ಯಾನಿಕ್ ಮರುದಿನ ಸಂಜೆಗೇ ಬಂದ. ಮೆಷಿನನ್ನು ಹಳೆ ಚಾಪೆಯ ಮೇಲೆ ಅಡ್ಡ ಮಲಗಿಸಿ, ಪಂಪ್ ಬಿಚ್ಚಿ, ಚಕ್ರವನ್ನು ನನ್ನ ಕೈಗೆ ಕೊಟ್ಟ. “ನೋಡಿ ಅಕ್ಕ, ರೆಕ್ಕೆ ಮೋಟರ್‌ನ ದಂಡದಿಂದ ಬಿಟ್ಟು ಹೋಗಿದೆ. ಮೋಟರ್ ತಿರುಗುತ್ತದೆ, ರೆಕ್ಕೆ ತಿರುಗುವುದಿಲ್ಲ.” ಹೊಸ ಪಂಪ್, ಕೂಲಿ ಎಲ್ಲ ಸೇರಿ 1,400 ರೂಪಾಯಿ. ವಾರಂಟಿ ಉಳಿದಿದ್ದರೆ ಕಂಪೆನಿಯವರನ್ನೇ ಕಾಯಿರಿ, ಮಾಡಿದ ಕೆಲಸವನ್ನು ಅವರು ಬರಹದಲ್ಲಿ ಕೊಡುತ್ತಾರೆ. ವಾರಂಟಿ ಮುಗಿದಿದ್ದರೆ ನಾನು ಊರಿನವನನ್ನೇ ಕರೆಯುತ್ತೇನೆ. ಹಾಳಾದ ಪಾರ್ಟನ್ನು ಬಿಚ್ಚಿ ಕಣ್ಣೆದುರು ತೋರಿಸುತ್ತಾನಲ್ಲ, ಅದೇ ನನಗೆ ದೊಡ್ಡದು.

ನೀರು ಪೂರ್ತಿ ಹೋಗಿಯೂ ಸ್ಪಿನ್ ಆಗದಿದ್ದರೆ ಒಳಗೆ ಏನಿದೆ ನೋಡಿ. ಒಂದೇ ದಪ್ಪ ಹೊದಿಕೆ ಒಂದು ಬದಿಗೆ ಮುದ್ದೆಯಾಗಿದ್ದರೆ ಮೆಷಿನ್ ತಿರುಗಲು ಒಪ್ಪುವುದಿಲ್ಲ. ಜೊತೆಗೆ ಎರಡು ಬೈರಾಸು ಹಾಕಿ. ಕೈಯಲ್ಲಿ ಒಗೆಯುವ ಸೋಪಿನ ಪುಡಿ ಹಾಕಿದರೂ ನೊರೆ ಜಾಸ್ತಿಯಾಗಿ ಇದೇ ಕಥೆ.

ಈ ಸಲ ಎರಡನೇ ಮದ್ದು ಬಿಟ್ಟ ದಿನ ಅತ್ತೆ ಆ ಬಟ್ಟೆಗಳನ್ನು ಮೊದಲು ಒಗೆಯುವ ಕಲ್ಲಿನ ಮೇಲೆ ಹಾಕಿ, ನೀರು ಹೊಯ್ದು, ಕುಕ್ಕಿ ಕೊಟ್ಟರು. ಕಿಸೆಗಳನ್ನು ನಾನು ಮಗುಚಿ ನೋಡಿದೆ. ವಾರ ಬಿಟ್ಟು ಫಿಲ್ಟರ್ ತೆಗೆದಾಗ ಒಂದು ಅಂಗಿಯ ಗುಂಡಿ ಮಾತ್ರ ಇತ್ತು.