ಎಸಿಎಲ್ ಆಪರೇಶನ್ ನಂತರದ ಮೊದಲ ಓಟ: ಟ್ರೆಡ್‌ಮಿಲ್ ಮೇಲೋ, ಹೊರಗೋ?

ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಮುಖ್ಯ ಲಿಗಮೆಂಟ್) ಸರ್ಜರಿಯಾದವರಿಗೆ ಸಾಮಾನ್ಯವಾಗಿ 3-4 ತಿಂಗಳ ನಂತರವೇ ಓಡಲು ಅನುಮತಿ ಸಿಗುತ್ತದೆ. ಊತ ಇರಬಾರದು, ಮಂಡಿ ಪೂರ್ತಿ ನೆಟ್ಟಗಾಗಬೇಕು, ತೊಡೆಗೆ ಬಲ ಬಂದಿರಬೇಕು. ಸುಮ್ನೆ ಕ್ಯಾಲೆಂಡರ್ ನೋಡಿ ಓಡಬೇಡಿ. ಫಿಸಿಯೊ ಪರೀಕ್ಷೆ ಮಾಡಿ ಹೂಂ ಅನ್ನಲಿ.

ಟ್ರೆಡ್‌ಮಿಲ್‌ನಲ್ಲಿ ನೆಲ ಸಮ, ವೇಗ ನಿಮ್ಮ ಕೈಯಲ್ಲೇ ಇರುತ್ತದೆ. 1 ನಿಮಿಷ ಓಟ, 2 ನಿಮಿಷ ನಡಿಗೆ ಅಂತ ಲೆಕ್ಕ ಇಡುವುದು ಸುಲಭ. ನೋವು ಬಂದರೆ ನಿಲ್ಲಿಸಿ ಇಳಿಯಬಹುದು. ಕಬ್ಬನ್ ಪಾರ್ಕಿನಲ್ಲಿ ದೂರ ಹೋದ ಮೇಲೆ ನೋವು ಶುರುವಾದರೆ ಅಷ್ಟೂ ದಾರಿ ಕುಂಟುತ್ತಾ ವಾಪಸ್ ಬರಬೇಕು.

ಆದರೂ ತಿರುವು, ಏರಿಳಿತಗಳನ್ನು ಮಂಡಿ ಮತ್ತೆ ಕಲಿಯುವುದು ಹೊರಗೇ ಅಲ್ವಾ? ಮಣ್ಣಿನ ದಾರಿ ಮೆತ್ತಗಿರುತ್ತದೆ, ಆದರೆ ಬೇರು, ಗುಂಡಿಗಳಿರುತ್ತವೆ. ಡಾಂಬರು ರಸ್ತೆ ಗಟ್ಟಿ, ಅಂಚಿನ ಕಡೆ ಇಳಿಜಾರು. ಸಿಂಥೆಟಿಕ್ ಟ್ರ್ಯಾಕ್ ಸಿಕ್ಕರೆ ತುಂಬಾ ಒಳ್ಳೆಯದು. ನೇರ ಭಾಗದಲ್ಲಿ ಓಡಿ, ತಿರುವಿನಲ್ಲಿ ನಡೆಯಿರಿ.

ನಾನು ಹೇಳುವುದು, ಮೊದಲ ಕೆಲವು ವಾರ ಟ್ರೆಡ್‌ಮಿಲ್, ಅದೂ ದಿನ ಬಿಟ್ಟು ದಿನ. ಮಾರನೇ ಬೆಳಿಗ್ಗೆ ಮಂಡಿ ಊದದಿದ್ದರೆ ಮಾತ್ರ ಓಟ ಜಾಸ್ತಿ ಮಾಡಿ. ಊದಿದ್ದರೆ ಒಂದು ಹಂತ ಹಿಂದಕ್ಕೆ ಹೋಗಿ. ಜಿಮ್ಮಿಗೆ ಹೋಗಲಾಗದವರು ಟ್ರ್ಯಾಕಿನ ನೇರ ಭಾಗದಿಂದಲೇ ಶುರು ಮಾಡಬಹುದು.