ಸಾಣಿಕಟ್ಟಾ ಹರಳುಪ್ಪು: ಮಿಡಿಗೆ ಇದೇ ಬೇಕು, ಆದರೆ ಅಯೋಡಿನ್ ಲೆಕ್ಕ ಬೇರೆ

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಗೋಕರ್ಣದ ಹತ್ತಿರ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಊರು ಸಾಣಿಕಟ್ಟಾ. ಅಲ್ಲಿಯ ಉಪ್ಪು ಬಿಟ್ಟು ಬೇರೆ ಉಪ್ಪಿನಲ್ಲಿ ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು) ಹಾಕಿದ್ದು ಒಮ್ಮೆ ಬಿಟ್ಟರೆ ನನಗೆ ನೆನಪಿಲ್ಲ. ಮಿಡಿ ಬರುವ ಮುಂಚೆ ದೇವಿಮನೆ ಘಟ್ಟ ಇಳಿದು, ಮಾದನಗೇರಿಯಿಂದ ಗೋಕರ್ಣಕ್ಕೆ ಹೋಗುವ ರಸ್ತೆ ಹಿಡಿದು, ಒಂದು ಚೀಲ ಉಪ್ಪು ತರುತ್ತೇವೆ. ಹೊರಡುವಾಗ ಆಯಿಯದ್ದು ಪ್ರತಿ ಸಲ ಒಂದೇ ಮಾತು, "ಹೊಸ ಉಪ್ಪು ಬ್ಯಾಡ, ಹಳೇದಿದ್ರೆ ತಗಂಬಾ."

ಆಯಿ ಹೇಳುವುದು ಸರಿ. ಸಮುದ್ರದ ನೀರು ಬತ್ತಿಸಿ ತೆಗೆದ ಉಪ್ಪಿನಲ್ಲಿ ಮೆಗ್ನೀಸಿಯಂ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಸ್ವಲ್ಪ ಕಹಿ ಬೇರೆ. ರಾಶಿ ಹಾಕಿ ಬಿಟ್ಟರೆ ಆ ನೀರು ಸೋರಿ ಹೋಗುತ್ತದೆ, ಉಪ್ಪು ಗಟ್ಟಿಯಾಗುತ್ತದೆ. ಹೊಸದನ್ನೇ ತಂದ ವರ್ಷ ಆಷಾಢದಲ್ಲಿ ನಮ್ಮ ಭರಣಿಯ ತಳದಲ್ಲಿ ನೀರು ನಿಂತಿತ್ತು.

ಹರಳು ದೊಡ್ಡದು, ಬಣ್ಣ ಪೂರ್ತಿ ಬಿಳಿ ಅಲ್ಲ, ಸ್ವಲ್ಪ ಮಣ್ಣಿನ ಛಾಯೆ. ಮಿಡಿಯ ಮೇಲೆ ಪದರ ಪದರವಾಗಿ ಹಾಕಿದರೆ ನಿಧಾನಕ್ಕೆ ಕರಗುತ್ತದೆ, ಮಿಡಿ ಚೆನ್ನಾಗಿ ಚಿರುಟುತ್ತದೆ, ಒಳಗೆ ಗರಿಗರಿ ಉಳಿಯುತ್ತದೆ. ಪುಡಿ ಉಪ್ಪಿನಲ್ಲಿ ಒಮ್ಮೆ ಮಾಡಿ ನೋಡಿದ್ದೆವು, ನಮಗೆ ಹಿಡಿಸಲಿಲ್ಲ. ಉಪ್ಪಿನಕಾಯಿಗೆ ಈ ಉಪ್ಪಿಗೆ ಐದಕ್ಕೆ ಐದು ಅಂಕ ಕೊಡುತ್ತೇನೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ತಂಗಿ ಈಗ ಏಳು ತಿಂಗಳ ಬಸುರಿ, ಬಾಣಂತನಕ್ಕೆ ಇಲ್ಲಿಗೇ ಬಂದಿದ್ದಾಳೆ. ಬರುವಾಗ ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಸಮುದ್ರದ ಹರಳುಪ್ಪಿನ ಬಾಟಲಿ ತಂದಿದ್ದಳು. ಅದರ ಮೇಲೆ "84 ಖನಿಜಗಳು" ಅಂತ ಬರೆದಿತ್ತು, ಅಯೋಡಿನ್ ಬಗ್ಗೆ ಒಂದಕ್ಷರ ಇರಲಿಲ್ಲ. ಎರಡು ತಿಂಗಳಿಂದ ಅಡುಗೆಗೆ ಅದೊಂದೇ ಬಳಸುತ್ತಿದ್ದಳಂತೆ, ಸಮುದ್ರದ ಉಪ್ಪಲ್ವಾ, ಅಯೋಡಿನ್ ತಾನಾಗೇ ಇರುತ್ತದೆ ಅಂದುಕೊಂಡು. ನನಗೆ ನಿಜವಾಗಿ ಹೆದರಿಕೆಯಾಯಿತು.

ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಇರುವುದು ತೀರಾ ಕಡಿಮೆ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಬೇಕು, ಬಸುರಿ ಬಾಣಂತಿಯರಿಗೆ 250 ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು ತಿನ್ನಬೇಕಾದದ್ದು ದಿನಕ್ಕೆ 5 ಗ್ರಾಂ ಒಳಗೆ. ಅಯೋಡಿನ್ ಸೇರಿಸಿದ ಉಪ್ಪು ನಮ್ಮ ಕೈಗೆ ಬರುವಾಗ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು. ಅಂದರೆ 5 ಗ್ರಾಂನಲ್ಲಿ 75 ಮೈಕ್ರೊಗ್ರಾಂ ಆದರೂ ಸಿಗುತ್ತದೆ. ಬರೀ ಹರಳುಪ್ಪಿನಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಕಾರವಾರ, ಅಂಕೋಲಾ ಕಡೆಯವರು ಸಮುದ್ರದ ಮೀನು ತಿನ್ನುತ್ತಾರೆ, ಅವರಿಗೆ ಅದರಿಂದ ಸ್ವಲ್ಪ ಬರುತ್ತದೆ. ಮೀನು ಮುಟ್ಟದ ನಮ್ಮಂಥ ಮನೆಯಲ್ಲಿ ಹಾಲು, ಮೊಸರು ಬಿಟ್ಟರೆ ಉಪ್ಪೇ ಆಧಾರ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯಲು ಅಯೋಡಿನ್ ಬೇಕೇ ಬೇಕು. 2006ರಿಂದ ನೇರ ತಿನ್ನಲು ಮಾರುವ ಉಪ್ಪಿಗೆ ಅಯೋಡಿನ್ ಸೇರಿಸಲೇಬೇಕು ಅಂತ ದೇಶದಲ್ಲಿ ನಿಯಮ ಇರುವುದು ಸುಮ್ನೆ ಅಲ್ಲ.

ಉಳಿದ ಖನಿಜಗಳ ಕಥೆಯೂ ಅಷ್ಟೇ. ಉಪ್ಪಿನಲ್ಲಿ ಕಬ್ಬಿಣ, ಸತು ಇಲ್ಲವೆಂದಲ್ಲ, ಆದರೆ 5 ಗ್ರಾಂನಲ್ಲಿ ಎಷ್ಟು ಬಂದೀತು? ನಮ್ಮ ದೇಶದ ಶಿಫಾರಸಿನ ಪ್ರಕಾರ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಅದು ಹುರುಳಿ, ಸೊಪ್ಪು, ಕಾಳುಗಳಿಂದ ಬರಬೇಕು, ಜೊತೆಗೆ ಲಿಂಬು ಹಿಂಡಿಕೊಂಡರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಊಟ ಆದ ಕೂಡಲೇ ಚಾ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ತಂಗಿಗೆ ಈಗ ಚಾ ಊಟಕ್ಕೆ ಒಂದು ತಾಸು ಬಿಟ್ಟೇ. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆಯಂತೂ ತಪ್ಪಿಸುವುದಿಲ್ಲ.

ಸಾಣಿಕಟ್ಟಾದಲ್ಲಿ ನಾವು ಚೀಲದಲ್ಲಿ ತರುವ ಬಿಡಿ ಉಪ್ಪಿಗೆ ಯಾವ ಲೇಬಲ್ಲೂ ಇರುವುದಿಲ್ಲ. ಹಾಗಾಗಿ ಅದನ್ನು ಅಯೋಡಿನ್ ಇಲ್ಲದ ಉಪ್ಪು ಅಂತಲೇ ಲೆಕ್ಕ ಹಿಡಿಯುತ್ತೇವೆ. ಪ್ಯಾಕೆಟ್ ತೆಗೆದುಕೊಳ್ಳುವವರು ಮೇಲಿನ ಅಕ್ಷರ ಓದಿ, ಅಯೋಡಿನ್ ಇದೆಯಾ ನೋಡಿ.

ಈಗ ಅಡುಗೆಮನೆಯಲ್ಲಿ ಎರಡು ಉಪ್ಪು ಇವೆ. ಒಲೆಯ ಬಿಸಿ ತಾಗದ ಕಡೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಅಯೋಡಿನ್ ಉಪ್ಪು. ತೇವಕ್ಕೂ ಬಿಸಿಗೂ ಅಯೋಡಿನ್ ಕಡಿಮೆಯಾಗುತ್ತದೆ, ಅದಕ್ಕೆ ಸಾರು, ಪಲ್ಯ ಇಳಿಸುವ ಹೊತ್ತಿಗೆ ಹಾಕುತ್ತೇವೆ. ಉಗ್ರಾಣದ ಭರಣಿಯಲ್ಲಿ ಸಾಣಿಕಟ್ಟಾ ಹರಳು, ಮಿಡಿಗೆ ಮತ್ತು ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿಡುವುದಕ್ಕೆ ಮಾತ್ರ. ತಂಗಿ ತಂದ ಬಾಟಲಿಯ ಉಪ್ಪನ್ನೂ ಆಯಿ ಅದೇ ಭರಣಿಗೆ ಸುರಿದಿದ್ದಾಳೆ. ಮುಂದಿನ ವಾರ ಮತ್ತೆ ಘಟ್ಟ ಇಳಿಯಬೇಕು, ಈ ಸಲ ಮಿಡಿ ಜಾಸ್ತಿ ಬರುವ ಹಾಗಿದೆ.